ಸುರಪುರದ ಚರಿತ್ರೆಯ ಆಕರಗಳು ಮತ್ತು ಮೆಡೋಸ್ ಟೇಲರನ ಆತ್ಮಕಥೆ

1

ಭೀಮಾ ಮತ್ತು ಕೃಷ್ಣಾ ನದಿಗಳ ಆಸರೆಯಲ್ಲಿರುವ ಯಾದಗಿರಿ, ಶಹಾಪುರ ಹಾಗೂ ಸುರಪುರ ಪ್ರದೇಶವು ಕರ್ನಾಟಕದ ಸಾಂಸ್ಕೃತಿಕ ಚರಿತ್ರೆಯಲ್ಲಿ ಬಹು ಪ್ರಾಚೀನವಾದ ನೆಲ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪ್ರೊ. ಕೆ. ಪದ್ದಯ್ಯ ಅವರು ಬೆಳಕಿಗೆ ತಂದ ಆದಿಮಾನವನ ಕಲ್ಲಿನ ಆಯುಧಗಳ ತಯಾರಿಕಾ ನೆಲೆ, ವಿಭೂತಿಹಳ್ಳಿಯ ಬೃಹತ್ ಶಿಲಾಪಂಕ್ತಿ, ದಾಸಿಮಯ್ಯನ ಮುದನೂರು, ಕೊಡೇಕಲ್ಲ ಬಸವಣ್ಣ ಮತ್ತು ತಿಂಥಣಿ ಮೋನಪ್ಪಯ್ಯನವರ ಪರಂಪರೆ, ಚಿನ್ನದ ರೇಕು ಬಳಸಿದ ಸುರಪುರ ಶೈಲಿಯ ಚಿತ್ರಕಲೆ, ಇವೆಲ್ಲವೂ ಒಂದೇ ಪರಿಸರದಲ್ಲಿ ಮೈದಾಳಿದವು. ಸಗರನಾಡು ಎಂದು ಜನ ಗುರುತಿಸುತ್ತ ಬಂದ ಭಾಗವೂ ಇದರಲ್ಲಿಯೇ ಸೇರಿದೆ. ಗುಲಬರ್ಗಾ ಜಿಲ್ಲೆಯ ಅಂಗವಾಗಿದ್ದ ಈ ತಾಲ್ಲೂಕುಗಳು 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಗಿ ಪ್ರತ್ಯೇಕಗೊಂಡ ಮೇಲೆ ಇಲ್ಲಿಯ ಚರಿತ್ರೆಯನ್ನು ಸ್ವತಂತ್ರವಾಗಿ ಬರೆಯಬೇಕೆಂಬ ಒತ್ತಾಸೆ ಹೆಚ್ಚಾಗಿರುವುದು ಸಹಜವೇ ಆಗಿದೆ.

ಆದರೆ ಚರಿತ್ರೆಯ ಬರವಣಿಗೆಗೆ ಉತ್ಸಾಹವೊಂದೇ ಸಾಲದು. ಅದು ಆಕರಗಳನ್ನು ಬೇಡುತ್ತದೆ. ಸುರಪುರದ ನಾಯಕ ಮನೆತನದ ವಿಷಯದಲ್ಲಿ ಈ ಬೇಡಿಕೆ ಒಂದು ವಿಚಿತ್ರ ಇಕ್ಕಟ್ಟನ್ನು ತಂದೊಡ್ಡಿದೆ. ಈ ಸಂಸ್ಥಾನದ ಚರಿತ್ರೆಯಲ್ಲಿ ಎರಡು ನಿರ್ಣಾಯಕ ಸಂದರ್ಭಗಳಿವೆ. ಮೊದಲನೆಯದು 1705ರಲ್ಲಿ ಔರಂಗಜೇಬನು ವಾಗಣಗೇರಾ ಕೋಟೆಗೆ ಹಾಕಿದ ಮುತ್ತಿಗೆ. ವೃದ್ಧ ಚಕ್ರವರ್ತಿಯ ಕೊನೆಯ ದಂಡಯಾತ್ರೆಯಾದ ಇದನ್ನು ಪಿಡ್ಡನಾಯಕನು ತಿಂಗಳುಗಟ್ಟಲೆ ಎದುರಿಸಿ ನಿಂತನು. ಎರಡನೆಯದು 1858ರಲ್ಲಿ ರಾಜಾ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ಎದ್ದುನಿಂತದ್ದು. ಮೊದಲನೆಯ ಘಟನೆಯ ವಿವರಗಳು ಬಹುಮಟ್ಟಿಗೆ ಮೊಗಲ್ ಬರಹಗಾರರಿಂದ ದೊರೆಯುತ್ತವೆ. ಎರಡನೆಯದರ ವಿವರಗಳು ಬಹುಮಟ್ಟಿಗೆ ಒಬ್ಬ ಇಂಗ್ಲಿಷ್ ಅಧಿಕಾರಿಯಿಂದ. ಎಂದರೆ ಎರಡು ಸಲವೂ ಸುರಪುರದ ಕಥೆ ಸುರಪುರದ ಎದುರು ಪಕ್ಷದಲ್ಲಿದ್ದವರ ಲೇಖನಿಯಿಂದಲೇ ಉಳಿದುಬಂದಿದೆ.

ಆ ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ (1808-1876). ಅವನ ಮರಣಾನಂತರ 1877ರಲ್ಲಿ ಪ್ರಕಟವಾದ 'ದಿ ಸ್ಟೋರಿ ಆಫ್ ಮೈ ಲೈಫ್' ಎಂಬ ಆತ್ಮಕಥೆಯು ಹತ್ತೊಂಬತ್ತನೆಯ ಶತಮಾನದ ಸುರಪುರವನ್ನು ಕುರಿತ ಅತ್ಯಂತ ಪ್ರಭಾವಶಾಲಿ ಗ್ರಂಥವಾಗಿ ಉಳಿದಿದೆ. ಈ ಗ್ರಂಥವನ್ನು ಒಂದು ಆಕರವಾಗಿ ಹೇಗೆ ಓದಬೇಕು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಟೇಲರನು ಕಂಪನಿ ಸರ್ಕಾರದ ಸೈನ್ಯಕ್ಕೆ ಸೇರಿದವನಲ್ಲ. ಹೈದರಾಬಾದಿನ ನಿಜಾಮನ ಸೇವೆಯಲ್ಲಿದ್ದವನು. 1839ರಲ್ಲಿ ಪ್ರಕಟವಾದ 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ ಬಳಿಕವೇ ಅವನು ಸುರಪುರಕ್ಕೆ ಬಂದನು. ಅರಸ ಕೃಷ್ಣಪ್ಪ ನಾಯಕನ ಮರಣಾನಂತರ ಬಾಲಕ ವೆಂಕಟಪ್ಪ ನಾಯಕನ ಪರವಾಗಿ ಯಾರು ಆಡಳಿತ ನಡೆಸಬೇಕು ಎಂಬ ಬಗ್ಗೆ ರಾಣಿ ಈಶ್ವರಮ್ಮ ಮತ್ತು ಅರಸನ ತಮ್ಮ ಪಿಡ್ಡನಾಯಕನ ನಡುವೆ ತಿಕ್ಕಾಟವಿತ್ತು. ಈ ಬಿಕ್ಕಟ್ಟಿನಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿ ನಿಂತ ಟೇಲರನು 1853ರವರೆಗೆ ಸಂಸ್ಥಾನದ ಆಡಳಿತವನ್ನು ನಿರ್ವಹಿಸಿದನು. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಮನೆ 'ಟೇಲರ್ ಮಂಜಿಲ್' ಎಂಬ ಹೆಸರಿನಿಂದ ಇಂದಿಗೂ ಉಳಿದಿದೆ. ಬೋನಾಳ ಕೆರೆಯ ಕಾಮಗಾರಿ, ಭೂಮಿಯ ಅಳತೆ, ಕಂದಾಯದ ಸುಧಾರಣೆ ಮೊದಲಾದವು ಅವನ ಹೆಸರಿನೊಡನೆ ಸೇರಿಕೊಂಡಿವೆ. 1853ರಲ್ಲಿ ತರುಣ ಅರಸನಿಗೆ ಅಧಿಕಾರ ಒಪ್ಪಿಸಿ, ಅದೇ ವರ್ಷದ ಒಪ್ಪಂದದಂತೆ ನಿಜಾಮನು ಬ್ರಿಟಿಷರಿಗೆ ಬಿಟ್ಟುಕೊಟ್ಟ ಪ್ರದೇಶಗಳಲ್ಲೊಂದಾದ ನಳದುರ್ಗಕ್ಕೆ ಅವನು ತೆರಳಿದನು.

1857ರ ಬಂಡಾಯ ಆರಂಭವಾದಾಗ ಟೇಲರನು ಸುರಪುರದಲ್ಲಿ ಇರಲಿಲ್ಲ. ಅವನನ್ನು ಆಗ ಬೇರಾರ್ ಪ್ರಾಂತದ ಬುಲ್ಡಾಣಕ್ಕೆ ನೇಮಿಸಲಾಗಿತ್ತು. 1858ರ ಫೆಬ್ರುವರಿಯಲ್ಲಿ ಸುರಪುರದ ಮೇಲೆ ಬ್ರಿಟಿಷ್ ಪಡೆಗಳು ನಡೆದುಬಂದವು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಸತ್ತನು. ಅರಸನು ಹೈದರಾಬಾದಿನ ಕಡೆಗೆ ಹೋಗಿ ಸೆರೆಸಿಕ್ಕನು. ಇದೆಲ್ಲ ಮುಗಿದ ಮೇಲೆ ಟೇಲರನನ್ನು ಮತ್ತೆ ಸುರಪುರಕ್ಕೆ ಕಳುಹಿಸಲಾಯಿತು. ಅರಸನ ಮೇಲೆ ವಿಚಾರಣೆ ನಡೆದು ವಿಧಿಸಲ್ಪಟ್ಟ ಮರಣದಂಡನೆ ಆಜೀವ ಗಡೀಪಾರಿಗೂ, ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕೂ ಇಳಿಯಿತು. ಸೆರೆಗೆ ಕರೆದೊಯ್ಯುವ ದಾರಿಯಲ್ಲಿ, ಸಿಕಂದರಾಬಾದಿನಿಂದ ಹೊರಟ ಮೊದಲ ಬಿಡಾರದಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅರಸನು ಬಲಿಯಾದನು. 1860ರಲ್ಲಿ ಸುರಪುರ ಸಂಸ್ಥಾನವನ್ನು ಬ್ರಿಟಿಷರು ನಿಜಾಮನಿಗೆ ಬಿಟ್ಟುಕೊಟ್ಟರು. ಅದೇ ವರ್ಷ ಟೇಲರನು ಭಾರತವನ್ನು ಬಿಟ್ಟನು.

ಈ ಕಾಲಾನುಕ್ರಮವನ್ನು ಇಲ್ಲಿ ವಿವರವಾಗಿ ಹೇಳಿರುವುದಕ್ಕೆ ಕಾರಣವಿದೆ. ಟೇಲರನ ಆತ್ಮಕಥೆಯನ್ನು ಓದುವವರಿಗೆ ಇಡೀ ದುರಂತವನ್ನು ಅವನು ಪಕ್ಕದಲ್ಲಿ ನಿಂತು ನೋಡಿದಂತೆ ಭಾಸವಾಗುತ್ತದೆ. ವಾಸ್ತವದಲ್ಲಿ ಅವನು ಫೆಬ್ರುವರಿಯ ಕಾಳಗವನ್ನು ಕಂಡವನಲ್ಲ. ಅರಸನ ಮರಣವನ್ನೂ ಕಂಡವನಲ್ಲ. ಹನ್ನೊಂದು ಹನ್ನೆರಡು ವರ್ಷಗಳ ಆಡಳಿತ ಅವನ ಕಣ್ಣಾರೆ ಕಂಡ ಸಂಗತಿ. ಕೊನೆಯ ಅಧ್ಯಾಯದ ಬಹುಭಾಗ ಕಿವಿಯಾರೆ ಕೇಳಿದ್ದು. ಬರವಣಿಗೆಯ ಓಘವು ಈ ವ್ಯತ್ಯಾಸವನ್ನು ಮರೆಯಿಸಿಬಿಡುತ್ತದೆ.

3

ಟೇಲರನ ಇನ್ನೊಂದು ಬಗೆಯ ಬರವಣಿಗೆಯನ್ನು ಇದರ ಜೊತೆಯಲ್ಲಿಟ್ಟು ನೋಡುವುದು ಪ್ರಯೋಜನಕರ. ಸುರಪುರದ ಆಡಳಿತದ ಅವಧಿಯಲ್ಲಿ ಅವನು ಸುತ್ತಮುತ್ತಲಿನ ಬೃಹತ್ ಶಿಲಾ ಸಮಾಧಿಗಳನ್ನು ಶೋಧಿಸಿದನು. ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಗುಂಡುಗಲ್ಲುಗಳು, ರಾಜನಕೋಳೂರಿನ ಕಲ್ಮನೆಗಳು, ಜೇವರ್ಗಿಯ ಸಮಾಧಿಗಳು ಅವನ ಗಮನಕ್ಕೆ ಬಂದವು. ಕೆಲವು ಸಮಾಧಿಗಳನ್ನು ಅಗೆಯಿಸಿ ಅವುಗಳ ಛೇದಚಿತ್ರಗಳನ್ನು ಬರೆದನು. ಮಣ್ಣಿನ ಪದರಗಳು, ಮಡಕೆಗಳು ಹಾಗೂ ಎಲುಬುಗಳು ಇದ್ದ ಸ್ಥಾನಗಳನ್ನು ಗುರುತಿಸಿ ದಾಖಲಿಸಿದನು. ಈ ಲೇಖನಗಳು 1850ರ ಮತ್ತು 1860ರ ದಶಕಗಳಲ್ಲಿ ಮುಂಬಯಿ ಹಾಗೂ ಡಬ್ಲಿನ್ನಿನ ವಿದ್ವತ್ ಪತ್ರಿಕೆಗಳಲ್ಲಿ ಪ್ರಕಟವಾದವು. ನೂರು ವರ್ಷಗಳ ತರುವಾಯ ಮಾರ್ಟಿಮರ್ ವೀಲರನಂಥ ಪುರಾತತ್ತ್ವಜ್ಞನು ಈ ಛೇದಚಿತ್ರಗಳನ್ನು ಮೆಚ್ಚಿ ಬರೆದಿದ್ದಾನೆ.

ಆದರೆ ಆ ಸಮಾಧಿಗಳಿಗೆ ಟೇಲರನು ಕೊಟ್ಟ ವಿವರಣೆ ಉಳಿಯಲಿಲ್ಲ. ಇಂಗ್ಲೆಂಡ್ ಮತ್ತು ಐರ್ಲೆಂಡಿನ ಶಿಲಾಸ್ಮಾರಕಗಳೊಡನೆ ಇವುಗಳ ಹೋಲಿಕೆಯನ್ನು ಕಂಡು ಸಿಥಿಯನ್ ಅಥವಾ ಕೆಲ್ಟಿಕ್ ಮೂಲದ ಒಂದು ಜನಾಂಗ ಇಲ್ಲಿಗೂ ಬಂದಿರಬೇಕೆಂದು ಅವನು ಊಹಿಸಿದ್ದನು. ದಕ್ಷಿಣ ಭಾರತದ ಕಬ್ಬಿಣಯುಗದ ಸಂಸ್ಕೃತಿಯನ್ನು ಕುರಿತ ಅಧ್ಯಯನಗಳು ಬೆಳೆದಂತೆ ಈ ಊಹೆಯನ್ನು ಕೈಬಿಡಲಾಯಿತು. ವಿಭೂತಿಹಳ್ಳಿಯಂಥ ಶಿಲಾಪಂಕ್ತಿಗಳನ್ನು 1950ರ ದಶಕದಲ್ಲಿ ಎಫ್. ಆರ್. ಆಲ್ಚಿನ್ ಮತ್ತೆ ಪರಿಶೀಲಿಸಿದರು. ಒಟ್ಟಿನಲ್ಲಿ ವಿದ್ವಾಂಸರು ಟೇಲರನ ನಿರೂಪಿತ ಸಂಗತಿಗಳನ್ನು ಉಳಿಸಿಕೊಂಡು ಅವನ ಸಿದ್ಧಾಂತವನ್ನು ಬದಿಗಿರಿಸಿದರು. ಅವನನ್ನು ಪೂರ್ತಿಯಾಗಿ ನಂಬಲೂ ಇಲ್ಲ, ಪೂರ್ತಿಯಾಗಿ ತಳ್ಳಿಹಾಕಲೂ ಇಲ್ಲ.

ಪುರಾತತ್ತ್ವ ಕ್ಷೇತ್ರದಲ್ಲಿ ಟೇಲರನಿಗೆ ದೊರೆತ ಈ ನ್ಯಾಯವಾದ ಓದು ಚರಿತ್ರೆಯ ಕ್ಷೇತ್ರದಲ್ಲಿ ಅವನ ಆತ್ಮಕಥೆಗೆ ದೊರೆತಿಲ್ಲವೆಂಬುದೇ ಇಲ್ಲಿಯ ವಾದದ ತಿರುಳು. ಗೋರಿಯ ಮಣ್ಣಿನಲ್ಲಿ ಪದರಗಳಿರುವಂತೆ ಆತ್ಮಕಥೆಯಲ್ಲಿಯೂ ಪದರಗಳಿವೆ. ಕಂಡದ್ದು ಒಂದು, ಕೇಳಿದ್ದು ಇನ್ನೊಂದು, ಕಾರಣವೆಂದು ಕಲ್ಪಿಸಿಕೊಂಡದ್ದು ಮತ್ತೊಂದು. ಇವನ್ನು ಬೇರ್ಪಡಿಸದೆ ಓದಿದರೆ ಸಂಸ್ಥಾನದ ಪತನದ ಚರಿತ್ರೆ ಒಬ್ಬ ತರುಣನ ಹಣೆಬರಹದ ಕಥೆಯಾಗಿ ಮಾತ್ರ ಉಳಿಯುತ್ತದೆ.

4

ಹಣೆಬರಹದ ಮಾತನ್ನು ಇಲ್ಲಿ ಎತ್ತಿರುವುದು ಅಲಂಕಾರಕ್ಕಾಗಿ ಅಲ್ಲ. ಆತ್ಮಕಥೆಯಲ್ಲಿ ಸುರಪುರದ ಭಾಗವನ್ನು ಹಿಡಿದು ನಿಲ್ಲಿಸಿರುವುದು ಒಂದು ಜಾತಕದ ಪ್ರಸಂಗ. ಬಾಲಕ ವೆಂಕಟಪ್ಪ ನಾಯಕನು ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಸಾಯುವನೆಂದು ಜಾತಕದಲ್ಲಿ ಬರೆದಿರುವ ಗುಟ್ಟನ್ನು ರಾಣಿ ಈಶ್ವರಮ್ಮನು ತನಗೆ ತಿಳಿಸಿದಳೆಂದು ಟೇಲರನು ಹೇಳುತ್ತಾನೆ. ದಂಡನೆ ಕಡಿಮೆಯಾದ ಸುದ್ದಿ ಬಂದಾಗಲೂ ಅರಸ ಉಳಿಯುವುದಿಲ್ಲವೆಂಬ ಆತಂಕ ಸುರಪುರದಲ್ಲಿತ್ತೆಂದೂ, ಕೊನೆಗೆ ಭವಿಷ್ಯ ನಿಜವಾಯಿತೆಂದೂ ಕಥೆ ಸಾಗುತ್ತದೆ.

ಇಂಥ ಜಾತಕ ಇದ್ದಿರಬಹುದು. ಅರಮನೆಗಳಲ್ಲಿ ಜಾತಕ ಬರೆಯಿಸುವುದು ಅಪರೂಪದ ಸಂಗತಿಯಲ್ಲ. ಪ್ರಶ್ನೆ ಜಾತಕದ ಸತ್ಯಾಸತ್ಯತೆಯದಲ್ಲ, ಕಥನದಲ್ಲಿ ಅದಕ್ಕೆ ದೊರೆತ ಸ್ಥಾನದ್ದು. ಟೇಲರನ ಪ್ರಸಿದ್ಧ ಮೂರು ಕಾದಂಬರಿಗಳಾದ 'ತಾರಾ' (1863), 'ರಾಲ್ಫ್ ಡಾರ್ನೆಲ್' (1865) ಮತ್ತು 'ಸೀತಾ' (1872) ಕ್ರಮವಾಗಿ 1657, 1757 ಮತ್ತು 1857ರ ಕಾಲಘಟ್ಟಗಳನ್ನು ಆಧರಿಸಿವೆ. ನೂರು ವರ್ಷಗಳಿಗೊಮ್ಮೆ ಭಾರತದ ಚರಿತ್ರೆ ತಿರುವು ಪಡೆಯುತ್ತದೆಂಬ ವಿನ್ಯಾಸ ಅಲ್ಲಿದೆ. ಪ್ಲಾಸಿ ಕದನ ನಡೆದು ನೂರು ವರ್ಷಗಳಿಗೆ ಕಂಪನಿಯ ಆಳ್ವಿಕೆ ಕೊನೆಗೊಳ್ಳುವುದೆಂಬ ನಂಬಿಕೆ 1857ರಲ್ಲಿ ಉತ್ತರ ಭಾರತದಲ್ಲಿ ಹರಡಿದ್ದುದು ಪ್ರಸಿದ್ಧವೇ ಇದೆ. ಕಾಲದ ಲೆಕ್ಕಾಚಾರದಲ್ಲಿ ವಿಧಿಯ ಕೈವಾಡವನ್ನು ಕಾಣುವ ಈ ಕಾದಂಬರಿಕಾರನು ತನ್ನ ಜೀವನದ ಕೊನೆಗಾಲದಲ್ಲಿ, ಘಟನೆ ನಡೆದು ಹದಿನೈದು ವರ್ಷಗಳಾದ ಮೇಲೆ, ಸುರಪುರವನ್ನು ನೆನಪಿಸಿಕೊಂಡು ಬರೆಯುತ್ತಿದ್ದನು. ಆದ್ದರಿಂದ ಜಾತಕದ ಪ್ರಸಂಗವನ್ನು ಘಟನೆಯ ದಾಖಲೆ ಎನ್ನುವುದಕ್ಕಿಂತ ಕಥನದ ಒಂದು ತಂತ್ರವಾಗಿ ಓದುವುದು ಹೆಚ್ಚು ಯುಕ್ತ.

ಈ ತಂತ್ರಕ್ಕೆ ರಾಜಕೀಯ ಪರಿಣಾಮವೂ ಇದೆ. ಅರಸನ ಸಾವು ಹುಟ್ಟಿನಲ್ಲಿಯೇ ನಿಗದಿಯಾಗಿತ್ತು ಎಂದಾದರೆ ಅದಕ್ಕೆ ಯಾರೂ ಉತ್ತರದಾಯಿಗಳಲ್ಲ. ಕೈದಿಯೊಬ್ಬನ ಕೈಗೆ ಎಟಕುವಂತೆ ಪಿಸ್ತೂಲು ಹೇಗಿತ್ತು ಎಂಬ ಪ್ರಶ್ನೆಯೂ, ದಂಗೆ ಏಳುವ ಸ್ಥಿತಿಗೆ ಸಂಸ್ಥಾನ ಹೇಗೆ ಬಂದಿತು ಎಂಬ ಪ್ರಶ್ನೆಯೂ ಹಿಂದೆ ಸರಿಯುತ್ತವೆ. ವಿಧಿಗೆ ಜೊತೆಯಾಗಿ ಟೇಲರನು ಇನ್ನೊಂದು ಕಾರಣವನ್ನು ಮುಂದಿಡುತ್ತಾನೆ: ತಾಯಿಯ ಅಶಿಸ್ತಿನ ನಡತೆ ಮತ್ತು ಕೆಟ್ಟವರ ಸಹವಾಸದಿಂದ ಅರಸನು ಹಾಳಾದನು ಎಂಬುದು. ತಾನು ಅಲ್ಲಿಯೇ ಉಳಿದಿದ್ದರೆ ಹೀಗಾಗುತ್ತಿರಲಿಲ್ಲವೆಂಬ ಧ್ವನಿ ಇದರ ಹಿಂದೆ ಸ್ಪಷ್ಟವಾಗಿದೆ. ರಾಣಿ ಈಶ್ವರಮ್ಮನ ಚಿತ್ರಣದಲ್ಲಂತೂ ರಾಜಕೀಯ ಎದುರಾಳಿಯೊಬ್ಬಳ ಮೇಲಿನ ಅಸಹನೆ, ಅಧಿಕಾರ ಬಯಸುವ ಹೆಂಗಸಿನ ಬಗ್ಗೆ ವಿಕ್ಟೋರಿಯಾ ಯುಗದ ಇಂಗ್ಲಿಷರಿಗಿದ್ದ ಪೂರ್ವಗ್ರಹ, ಎರಡೂ ಬೆರೆತಿವೆ. ಆಕೆಯ ಮಾತು ಆಕೆಯದೇ ದನಿಯಲ್ಲಿ ಆತ್ಮಕಥೆಯಲ್ಲಿ ಎಲ್ಲಿಯೂ ಕೇಳಿಬರುವುದಿಲ್ಲ. ಮಗನ ಹಕ್ಕನ್ನು ಮೈದುನನ ಎದುರಿಗೂ ಪರಕೀಯ ಅಧಿಕಾರಿಯ ಎದುರಿಗೂ ಕಾಯಲು ಹೆಣಗಿದ ತಾಯಿಯಾಗಿ ಆಕೆಯನ್ನು ಓದುವ ಸಾಧ್ಯತೆ ಇನ್ನೂ ಹಾಗೆಯೇ ಉಳಿದಿದೆ.

'ಅಪ್ಪ' ಎಂಬ ಸಂಬೋಧನೆಯ ವಿಚಾರವೂ ಇಷ್ಟೇ ಮುಖ್ಯ. ವೆಂಕಟಪ್ಪ ನಾಯಕನು ತನ್ನನ್ನು 'ಅಪ್ಪ' ಎಂದು ಕರೆಯುತ್ತಿದ್ದನೆಂದು ಟೇಲರನು ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಸೆರೆಮನೆಯ ಭೇಟಿಯ ಸಂದರ್ಭದಲ್ಲಿಯೂ ಈ ಮಾತು ಬರುತ್ತದೆ. ಇಂಗ್ಲಿಷ್ ಓದುಗನಿಗೆ ಇದು ಕೇವಲ ತಂದೆ ಎಂಬರ್ಥದ ಶಬ್ದ. ಆದರೆ ಈ ಭಾಗದ ಕನ್ನಡದಲ್ಲಿ ಮಠದ ಸ್ವಾಮಿಗಳಿಗೂ ಊರಿನ ಹಿರಿಯರಿಗೂ ಗೌರವಪಾತ್ರರಾದ ಯಾರಿಗೂ 'ಅಪ್ಪ' ಸಲ್ಲುತ್ತದೆ. ಎಳೆಯರನ್ನು ಅಕ್ಕರೆಯಿಂದ ಮಾತಾಡಿಸುವಾಗಲೂ ಅದೇ ಶಬ್ದ ಬರುತ್ತದೆ. ಅರಸನಿಗೆ ಟೇಲರನ ಮೇಲೆ ಪ್ರೀತಿಯಿರಲಿಲ್ಲವೆಂದು ಇದರಿಂದ ಸಾಧಿಸಬೇಕಾಗಿಲ್ಲ. ಆದರೆ ಒಂದು ಗೌರವವಾಚಕವನ್ನು ಆಧರಿಸಿ ಇಡೀ ಸಂಬಂಧವನ್ನು ತಂದೆ ಮತ್ತು ದಾರಿತಪ್ಪಿದ ಮಗನ ಸಂಬಂಧವಾಗಿ ನಿರೂಪಿಸಿದಾಗ, ಆಳುವವನು ಮತ್ತು ಆಳಿಸಿಕೊಳ್ಳುವವನು ಎಂಬ ನಿಜವಾದ ಸಂಬಂಧ ಮರೆಯಾಗುತ್ತದೆ ಎಂಬುದನ್ನು ಗಮನಿಸಲೇಬೇಕು.

5

ಈ ಆತ್ಮಕಥೆಯನ್ನು ವಸಾಹತುಶಾಹಿ ಪರವಾದ ಓದುಗರು ಮಾತ್ರ ಬಳಸಿಕೊಂಡರೆಂದು ಭಾವಿಸುವಂತಿಲ್ಲ. 1909ರಲ್ಲಿ ಪ್ರಕಟವಾದ ವಿ. ಡಿ. ಸಾವರ್ಕರರ 1857ರ ಚರಿತ್ರೆಯು ಸುರಪುರದ ಅರಸನ ಸೆರೆಮನೆಯ ಪ್ರಸಂಗವನ್ನು ಟೇಲರನ ಗ್ರಂಥದಿಂದಲೇ ಎತ್ತಿಕೊಂಡಿದೆ. ತನ್ನ ಜೊತೆಗಾರರ ಹೆಸರು ಹೇಳಲು ಅರಸನು ನಿರಾಕರಿಸಿದ್ದು, ಕಳ್ಳನಂತೆ ನೇಣಿಗೇರುವುದಕ್ಕಿಂತ ತೋಪಿನ ಬಾಯಿಗೆ ಕೊಡುವುದು ಮೇಲೆಂದು ಅವನು ಬಯಸಿದ್ದು, ಇವೆಲ್ಲ ದೊರೆಯುವುದು ಟೇಲರನಲ್ಲಿಯೇ. ಒಂದೇ ಪುಟವು ಒಬ್ಬರಿಗೆ ಅವಿವೇಕಿ ತರುಣನ ದುರಂತವಾಗಿಯೂ, ಇನ್ನೊಬ್ಬರಿಗೆ ಹುತಾತ್ಮನ ಧೀರೋದಾತ್ತತೆಯಾಗಿಯೂ ಕಂಡಿತು. ಬೆಲೆ ಕಟ್ಟುವ ರೀತಿ ಬದಲಾಯಿತು. ಕಥೆಯ ಚೌಕಟ್ಟು ಬದಲಾಗಲಿಲ್ಲ. ಎರಡೂ ಕಡೆಯಲ್ಲಿ ಅರಸನೊಬ್ಬನೇ ಕಥಾನಾಯಕ. ಅವನ ಹಿಂದೆ ನಿಂತ ಬೇಡ ಸಮುದಾಯವು ಒಂದು ಗುಂಪಾಗಿ ಮಾತ್ರ ಕಾಣಿಸುತ್ತದೆ.

ಅಖಿಲ ಭಾರತ ಮಟ್ಟದ ಚರಿತ್ರೆಗಳಲ್ಲಿ ಈ ಸಮಸ್ಯೆ ಇನ್ನೊಂದು ರೂಪ ತಾಳುತ್ತದೆ. ಭಾರತೀಯ ವಿದ್ಯಾಭವನವು ಆರ್. ಸಿ. ಮಜುಂದಾರರ ಸಂಪಾದಕತ್ವದಲ್ಲಿ 1951ರಿಂದ 1977ರವರೆಗೆ ಹನ್ನೊಂದು ಸಂಪುಟಗಳಲ್ಲಿ ಹೊರತಂದ ಭಾರತೀಯ ಜನತೆಯ ಇತಿಹಾಸ ಮತ್ತು ಸಂಸ್ಕೃತಿ ಮಾಲೆಯ ಶೀರ್ಷಿಕೆಯಲ್ಲಿಯೇ 'ಜನತೆ' ಎಂಬ ಮಾತಿದೆ. ಅದು ಮಹತ್ವಾಕಾಂಕ್ಷೆಯ ಸಾಧನೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಮಜುಂದಾರರಂಥ ಇತಿಹಾಸಕಾರರು 1857ನ್ನು ಕುರಿತು ಎತ್ತಿದ ಮುಖ್ಯ ಪ್ರಶ್ನೆ, ಅದು ರಾಷ್ಟ್ರೀಯ ಸಂಗ್ರಾಮವೇ ಅಲ್ಲವೇ ಎಂಬುದು. ಈ ಪ್ರಶ್ನೆಯನ್ನು ಕೇಳಿದೊಡನೆ ದೆಹಲಿ, ಕಾನ್ಪುರ, ಲಖನೌಗಳು ಕೇಂದ್ರವಾಗುತ್ತವೆ. ಸುರಪುರ, ನರಗುಂದ, ಹಲಗಲಿಗಳು ಹೌದು ಅಥವಾ ಅಲ್ಲ ಎಂಬ ಉತ್ತರಕ್ಕೆ ಪೂರಕವಾದ ಅಡಿಟಿಪ್ಪಣಿಗಳಾಗುತ್ತವೆ. ಸುರಪುರದ ಜನ ಯಾವುದಕ್ಕಾಗಿ ಹೋರಾಡಿದರು ಎಂಬ ಸರಳ ಪ್ರಶ್ನೆ ಕೇಳದೆಯೇ ಉಳಿಯುತ್ತದೆ.

ಹಲಗಲಿಯೊಡನೆ ಹೋಲಿಸಿದರೆ ಈ ಕೊರತೆ ಎದ್ದು ಕಾಣುತ್ತದೆ. 1857ರ ಕೊನೆಯಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದೆ ದಂಗೆಯೆದ್ದ ಹಲಗಲಿಯ ಬೇಡರ ಲಾವಣಿಯನ್ನು ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ ಪ್ರಕಟಿಸಿದನು. ಅದರಿಂದಾಗಿ ಆ ಘಟನೆಗೆ ಸಮೀಪದ ಕಾಲದ ಒಂದು ಕನ್ನಡ ದನಿ ಅಚ್ಚಿನಲ್ಲಿ ಉಳಿಯಿತು. ಆಯುಧವೆಂದರೆ ಆ ಜನರಿಗೆ ಬದುಕಿನ ಹಕ್ಕೂ ಮಾನವೂ ಆಗಿತ್ತೆಂಬುದು ಅಲ್ಲಿಂದ ತಿಳಿದುಬರುತ್ತದೆ. ಸುರಪುರದ ಭಾಗ್ಯ ಬೇರೆಯಾಯಿತು. ಇಲ್ಲಿ ಸಮರ್ಥನಾದ ಇಂಗ್ಲಿಷ್ ಲೇಖಕನೊಬ್ಬ ಇದ್ದನು. ಅವನ ಗ್ರಂಥವೇ ಎಲ್ಲರಿಗೂ ಸಾಕೆನಿಸಿತು.

6

ಹಾಗಾದರೆ ಟೇಲರನನ್ನು ಕೈಬಿಡಬೇಕೆ? ಖಂಡಿತ ಅಲ್ಲ. ವಿಧಿ ಮತ್ತು ನಡತೆಯ ವಿವರಣೆಯನ್ನು ಬದಿಗಿರಿಸಿ ಆಡಳಿತದ ಪುಟಗಳನ್ನು ಓದಿದರೆ ಬೇರೆಯೇ ಒಂದು ಸುರಪುರ ಎದುರಾಗುತ್ತದೆ. ಪಟ್ಟವೇರುವ ಅರಸನಿಂದ ಹೈದರಾಬಾದ್ ಸರ್ಕಾರ ಕೇಳುತ್ತಿದ್ದ ನಜರಾಣೆ, ವರ್ಷವರ್ಷದ ಪೇಷ್ಕಷ್, ಅದನ್ನು ತೀರಿಸಲು ಸಾಹುಕಾರರಿಂದ ಮಾಡಿದ ಸಾಲ, ಸಾಲಕ್ಕೆ ಪ್ರತಿಯಾಗಿ ಕೈತಪ್ಪುವ ಗ್ರಾಮಗಳು, ವಸೂಲಿಯ ಮಧ್ಯಸ್ಥಿಕೆಗೆ ಬರುವ ಕಂಪನಿ, ಇವು ಆ ಪುಟಗಳ ವಸ್ತು. ಕಂಪನಿ ಒಂದು ಕೈಯಿಂದ ಸಂಸ್ಥಾನವನ್ನು ಉಳಿಸುತ್ತ ಇನ್ನೊಂದು ಕೈಯಿಂದ ಅದರ ಸ್ವಾತಂತ್ರ್ಯವನ್ನು ಕಡಿಮೆ ಮಾಡುತ್ತ ಬಂದದ್ದು ಟೇಲರನ ಬರಹದಿಂದಲೇ ವೇದ್ಯವಾಗುತ್ತದೆ. ಸಾಲದ ಹೊರೆಯಿಂದ ಬಳಲಿದ, ಎರಡೆರಡು ಒಡೆತನಗಳ ನಡುವೆ ಸಿಲುಕಿದ ಸಂಸ್ಥಾನವನ್ನು ಹತ್ತೊಂಬತ್ತರ ಆಸುಪಾಸಿನ ತರುಣನ ಕೈಗೊಪ್ಪಿಸಲಾಯಿತು. ಐದು ವರ್ಷಗಳಲ್ಲಿ ನಡೆದ ಕುಸಿತಕ್ಕೆ ಇದಕ್ಕಿಂತ ಬಲವಾದ ಕಾರಣವನ್ನು ಜಾತಕದಲ್ಲಿ ಹುಡುಕಬೇಕಾಗಿಲ್ಲ.

ಬೇಡ ಸಮುದಾಯದ ವಿಷಯದಲ್ಲಿಯೂ ಹೀಗೆಯೇ. ಟೇಲರನು ಅವರನ್ನು ಒಮ್ಮೆ ಕ್ರೂರರೆಂದು, ಒಮ್ಮೆ ನಿಷ್ಠಾವಂತರೆಂದು ವರ್ಣಿಸುತ್ತಾನೆ. ವಿಶೇಷಣಗಳನ್ನು ಬಿಟ್ಟು ಸಂಗತಿಗಳನ್ನು ನೋಡಿದರೆ, ಭೂಮಿಯ ಹಕ್ಕಿಗೆ ಪ್ರತಿಯಾಗಿ ಅರಸನಿಗೆ ಸೈನಿಕ ಸೇವೆ ಸಲ್ಲಿಸುವ, ತಮ್ಮ ಹಿರಿಯರ ಮೂಲಕ ಅರಮನೆಯೊಡನೆ ವ್ಯವಹರಿಸುವ ಒಂದು ವ್ಯವಸ್ಥಿತ ಸಮಾಜ ಕಾಣಸಿಗುತ್ತದೆ. ಸಂಸ್ಥಾನದ ಅಳಿವು ಅವರಿಗೆ ಒಬ್ಬ ಅರಸನ ಅಳಿವು ಮಾತ್ರವಾಗಿರಲಿಲ್ಲ. ಸೇವೆಗೂ ಭೂಮಿಗೂ ಇದ್ದ ನಂಟು ಕಡಿದುಹೋಗುವ ಭಯವಾಗಿತ್ತು. 1858ರ ಪ್ರತಿಭಟನೆಯ ಸಾಮಾಜಿಕ ಆಧಾರವನ್ನು ಇಲ್ಲಿ ಅರಸಬೇಕು.

ಕನ್ನಡದಲ್ಲಿ ಕಪಟರಾಳ ಕೃಷ್ಣರಾವ್ ಅವರು ಸುರಪುರ ಸಂಸ್ಥಾನದ ಇತಿಹಾಸವನ್ನು ಬರೆದು ಸ್ಥಳೀಯ ಅಧ್ಯಯನಕ್ಕೆ ಭದ್ರವಾದ ಅಡಿಪಾಯ ಹಾಕಿದರು. ಆ ದಾರಿಯನ್ನು ಮುಂದುವರಿಸುವುದಕ್ಕೆ ಅವಕಾಶಗಳು ಇಂದು ಹೆಚ್ಚಿವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಹೈದರಾಬಾದ್ ರೆಸಿಡೆನ್ಸಿಯ ಕಾಗದಪತ್ರಗಳೊಡನೆ ಟೇಲರನ ಕಥನವನ್ನು ಸಾಲುಸಾಲಾಗಿ ಹೋಲಿಸಿ ನೋಡುವುದು ಮೊದಲ ಕೆಲಸ. ಪಾರಸಿ ಮತ್ತು ಮೋಡಿ ಲಿಪಿಗಳನ್ನು ಓದಬಲ್ಲ ಕನ್ನಡ ಸಂಶೋಧಕರನ್ನು ತರಬೇತುಗೊಳಿಸುವುದು ಎರಡನೆಯದು. ಸಗರನಾಡಿನ ಹಳ್ಳಿಗಳಲ್ಲಿ ನಾಯಕರನ್ನು ಕುರಿತು ಹಾಡುವ, ಹೇಳುವ ಪರಂಪರೆಯನ್ನು ಸಂಗ್ರಹಿಸುವಾಗ ಅದಕ್ಕೂ ಪದರಗಳಿವೆ ಎಂಬ ಎಚ್ಚರವನ್ನು ಇಟ್ಟುಕೊಳ್ಳುವುದು ಮೂರನೆಯದು. ಅರಸನು ತಾನೇ ಗುಂಡು ಹಾರಿಸಿಕೊಂಡನೆಂದು ಟೇಲರನು ಬರೆದರೆ, ಅವನನ್ನು ಕೊಲ್ಲಲಾಯಿತೆಂದು ಸ್ಥಳೀಯ ನಂಬಿಕೆ ಸಾರುತ್ತದೆ. ಇವೆರಡರಲ್ಲಿ ಒಂದನ್ನು ಅಭಿಮಾನದಿಂದ ಆಯ್ದುಕೊಳ್ಳುವುದು ಸಂಶೋಧನೆಯಲ್ಲ. ಕಾವಲಿನಲ್ಲಿದ್ದ ಕೈದಿಯ ಸಾವಿಗೆ ಕಾವಲಿನವರು ಹೊಣೆಗಾರರೆಂಬ ಮಾತು ಎರಡೂ ಪಕ್ಷಗಳಲ್ಲಿ ಸಮಾನವಾಗಿ ನಿಲ್ಲುತ್ತದೆ. ವಿಚಾರಣೆ ಆರಂಭವಾಗಬೇಕಾದದ್ದು ಅಲ್ಲಿಂದ.

ವಿಭೂತಿಹಳ್ಳಿಯ ಕಲ್ಲುಗಳನ್ನು ಯಾರು, ಏತಕ್ಕಾಗಿ ನಿಲ್ಲಿಸಿದರೆಂಬುದಕ್ಕೆ ಟೇಲರನು ಕೊಟ್ಟ ಉತ್ತರ ತಪ್ಪಾದರೂ ಕಲ್ಲುಗಳು ಇದ್ದ ಸ್ಥಾನವನ್ನು ಅವನು ಸರಿಯಾಗಿಯೇ ಬರೆದಿಟ್ಟನು. ಸುರಪುರದ ಅರಸೊತ್ತಿಗೆ ಏಕೆ ಬಿದ್ದಿತೆಂಬುದಕ್ಕೂ ಅವನ ಉತ್ತರ ತೃಪ್ತಿಕರವಲ್ಲ. ಆದರೆ ಬೀಳುವ ಮೊದಲು ಅದು ಹೇಗಿತ್ತೆಂಬುದನ್ನು ಅವನಷ್ಟು ಹತ್ತಿರದಿಂದ ಕಂಡು ಬರೆದ ಪರಕೀಯನು ಇನ್ನೊಬ್ಬನಿಲ್ಲ. ಅವನ ಕಣ್ಣನ್ನು ಸ್ವೀಕರಿಸಿ ಅವನ ತೀರ್ಪನ್ನು ಪರೀಕ್ಷೆಗೊಳಪಡಿಸುವ ವಿವೇಕ ನಮ್ಮ ಪ್ರಾದೇಶಿಕ ಚರಿತ್ರೆಗೆ ಬಂದಾಗ ಮಾತ್ರ ಸುರಪುರದ 1858 ಅಲ್ಲಿಯ ಜನರ ಚರಿತ್ರೆಯಾಗುತ್ತದೆ.